ಸ್ಕ್ಯಾನ್ ಮಾಡಿದರೆ ಮುಗಿಯಲಿಲ್ಲ: ಕಣ್ಣು ಕಾಣದ ಓದುಗರಿಗಾಗಿ ಒಂದು ಕನ್ನಡ ಪುಸ್ತಕ

ಕನ್ನಡ ಪುಸ್ತಕದ ಪಿಡಿಎಫ್ ಒಂದನ್ನು ಸ್ಕ್ರೀನ್ ರೀಡರ್ (ಪರದೆಯ ಮೇಲಿನ ಪಠ್ಯವನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶ) ಇರುವ ಕಂಪ್ಯೂಟರಿನಲ್ಲಿ ತೆರೆದರೆ ಬಹಳ ಸಲ ಸಿಗುವ ಉತ್ತರ ಒಂದೇ: ಡಾಕ್ಯುಮೆಂಟ್ ಖಾಲಿ ಇದೆ. ಪರದೆಯ ಮೇಲೆ ಪುಟ ತುಂಬ ಅಕ್ಷರ ಕಾಣುತ್ತಿರುತ್ತದೆ, ಆದರೆ ಅದು ಅಕ್ಷರದ ಫೋಟೊ ಅಷ್ಟೆ. ಕಂಪ್ಯೂಟರಿನ ಸ್ಕ್ರೀನ್ ರೀಡರ್ ಎನ್‌ವಿಡಿಎ ಆಗಲಿ, ಮೊಬೈಲಿನ ಟಾಕ್‌ಬ್ಯಾಕ್ ಆಗಲಿ ಫೋಟೊದಲ್ಲಿರುವ ಕನ್ನಡವನ್ನು ನೆಚ್ಚುವ ಹಾಗೆ ಓದಿ ಹೇಳಲಾರವು. ಅವಕ್ಕೆ ಬೇಕಾದದ್ದು ಯೂನಿಕೋಡ್ ಪಠ್ಯ, ಅಂದರೆ ಒಂದೊಂದು ಅಕ್ಷರಕ್ಕೂ ಅದರದೇ ಸಂಕೇತ ಇರುವ ಪಠ್ಯ. ಅದು ಒಂದು ಸಲ ಸರಿಯಾಗಿ ಸಿದ್ಧವಾದರೆ ಅದರಿಂದಲೇ ದನಿ ಬರುತ್ತದೆ, ಬ್ರೈಲ್ ಬರುತ್ತದೆ, ದೊಡ್ಡಕ್ಷರದ ಮುದ್ರಣವೂ ಬರುತ್ತದೆ. ‘ಸ್ಕ್ಯಾನ್ ಮಾಡಿ ಹಾಕಿಬಿಡಿ’ ಎಂದು ಸಲಹೆ ಕೊಡುವವರು ಬಹಳ. ಸ್ಕ್ಯಾನಿಂಗ್ ಈ ಕೆಲಸದ ಅತಿ ಚಿಕ್ಕ ಭಾಗ.

ಮುಂಬಯಿಯಲ್ಲಿ ಇದಕ್ಕೆ ಬೇರೆಯದೇ ತುರ್ತು ಇದೆ. ಮಾಟುಂಗಾ, ಮುಲುಂಡ್, ಡೊಂಬಿವಲಿ ಕಡೆ ಜೀವನಪೂರ್ತಿ ಕನ್ನಡ ಓದಿಕೊಂಡು ಬಂದು, ಸಕ್ಕರೆ ಕಾಯಿಲೆಯಿಂದಲೋ ಗ್ಲಾಕೋಮಾದಿಂದಲೋ ಇಳಿವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರಿದ್ದಾರೆ. ಮನೆಯಲ್ಲಿ ಮಕ್ಕಳು ಮೊಮ್ಮಕ್ಕಳು ಕನ್ನಡವನ್ನೋ ತುಳುವನ್ನೋ ಮಾತಾಡುತ್ತಾರೆ, ಆದರೆ ಕಲಿತದ್ದು ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ. ಕನ್ನಡ ಲಿಪಿ ಬಾರದು. ಪಕ್ಕದಲ್ಲಿ ಕೂತು ಓದಿ ಹೇಳೋಣವೆಂದರೂ ಓದುವವರಿಲ್ಲ. ಇನ್ನೊಂದು ಗುಂಪು ಇಲ್ಲಿನ ಅಂಧಶಾಲೆಗಳಲ್ಲಿ ಮರಾಠಿ ಬ್ರೈಲ್ ಕಲಿತ ಕನ್ನಡ ಮನೆಗಳ ಮಕ್ಕಳದು. ಅವರ ವಿಷಯ ಬ್ರೈಲ್ ಭಾಗದಲ್ಲಿ ಬರುತ್ತದೆ.

ನಾವು ಕೆಲವರು ಸೇರಿ ಮಾಡುತ್ತಿರುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇವೆ. ಮಾದರಿಗೆ ಎಪ್ಪತ್ತರ ದಶಕದಲ್ಲಿ ಮೊಳೆ ಅಚ್ಚಿನಲ್ಲಿ ಬಂದ, ಕ್ರೌನ್ 1/8 ಗಾತ್ರದ, ಇನ್ನೂರು ಚಿಲ್ಲರೆ ಪುಟದ ಒಂದು ಕಾದಂಬರಿಯನ್ನು ಇಟ್ಟುಕೊಳ್ಳಿ.

ಮೊದಲು ಕಾನೂನು, ಏಕೆಂದರೆ ಮೊದಲ ಪ್ರಶ್ನೆ ಅದೇ ಬರುತ್ತದೆ: ಲೇಖಕರ ಅನುಮತಿ ಬೇಡವೆ? 2012ರ ತಿದ್ದುಪಡಿಯಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ಕಲಂ 52(1)(ಝಡ್‌ಬಿ) ಸೇರಿತು. ಸಾಮಾನ್ಯ ಮುದ್ರಣವನ್ನು ಬಳಸಲಾಗದ ಅಂಗವಿಕಲರಿಗಾಗಿ ಪುಸ್ತಕವನ್ನು ಅವರಿಗೆ ಎಟುಕುವ ರೂಪಕ್ಕೆ ತಂದುಕೊಡಲು ಅದು ಅವಕಾಶ ಕೊಡುತ್ತದೆ. ಸಂಸ್ಥೆ ಮಾಡಿದರೆ ಲಾಭವಿಲ್ಲದೆ ಮಾಡಬೇಕು, ತಗಲಿದ ಖರ್ಚನ್ನು ಮಾತ್ರ ಪಡೆಯಬಹುದು, ಪ್ರತಿ ಮಾರುಕಟ್ಟೆಗೆ ಸೋರದಂತೆ ನೋಡಿಕೊಳ್ಳಬೇಕು. ಅದೇ ದಿಕ್ಕಿನ ಅಂತರರಾಷ್ಟ್ರೀಯ ಮರ್ರಾಕೇಶ್ ಒಪ್ಪಂದ 2013ರದು. 2014ರಲ್ಲಿ ಅದನ್ನು ಮೊದಲು ಅನುಮೋದಿಸಿದ ದೇಶ ಭಾರತ. ಇಷ್ಟಿದ್ದರೂ ಪ್ರಕಾಶಕರಿಗೆ ಒಂದು ಪತ್ರ ಬರೆಯುವುದು ಒಳ್ಳೆಯದು. ಅನುಮತಿಗಾಗಿ ಅಲ್ಲ, ಆಮೇಲೆ ಮರುಮುದ್ರಣ ಆಗಿದ್ದರೆ ಅವರ ಬಳಿ ಅದರ ಡಿಟಿಪಿ ಫೈಲ್ (ಕಂಪ್ಯೂಟರಿನಲ್ಲಿ ಪುಟ ಜೋಡಿಸಿದ್ದು) ಉಳಿದಿರಬಹುದು ಎಂದು.

ಯಾರಾದರೂ ಆಗಲೇ ಮಾಡಿದ್ದಾರೆಯೇ ಎಂದೂ ನೋಡಬೇಕು. 2016ರಲ್ಲಿ ಆರಂಭವಾದ, ಅಂಗವಿಕಲ ಓದುಗರ ಆನ್‌ಲೈನ್ ಗ್ರಂಥಾಲಯವಾದ ಸುಗಮ್ಯ ಪುಸ್ತಕಾಲಯದಲ್ಲಿ ಹುಡುಕುವಾಗ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ, ಎರಡು ಮೂರು ಕಾಗುಣಿತದಲ್ಲಿ ಹಾಕಿ ನೋಡಿ.

ಫೋಟೊ ತೆಗೆಯುವುದು

ಗ್ರಂಥಾಲಯದ ಪ್ರತಿಯನ್ನು ಬೆನ್ನು ಬಿಚ್ಚಿ ಹಾಳೆ ಮಾಡುವಂತಿಲ್ಲ. ಚಪ್ಪಟೆ ಸ್ಕ್ಯಾನರಿನ ಮೇಲೆ ಬೋರಲು ಹಾಕಿ ಒತ್ತಿದರೆ ಐವತ್ತು ವರ್ಷದ ಅಂಟು ‘ಟಕ್’ ಎನ್ನುತ್ತದೆ. ಆದ್ದರಿಂದ ಮೇಲಿನಿಂದ ಫೋಟೊ ತೆಗೆಯುವುದೇ ವಾಸಿ. 12 ಮೆಗಾಪಿಕ್ಸೆಲ್ ಫೋನ್ ಸಾಕು: ಕ್ರೌನ್ ಪುಸ್ತಕ ತೆರೆದಾಗ ಸುಮಾರು 10 ಇಂಚು ಅಗಲ, ಫೋಟೊ ಅಗಲ 4000 ಪಿಕ್ಸೆಲ್, ಅಂದರೆ ಇಂಚಿಗೆ 400. ಡೆಮಿ ಗಾತ್ರದ ಎರಡು ಪುಟ ಒಟ್ಟಿಗೆ ಬಂದರೆ 350ರ ಸುಮಾರಿಗೆ ಇಳಿಯುತ್ತದೆ. ಅಂಚಿನಲ್ಲಿ ಬಿಡುವ ಜಾಗ ಕಳೆದರೆ 300 ಉಳಿಯುತ್ತದೆ. ಅದಕ್ಕಿಂತ ಕಡಿಮೆಯಾದರೆ ಒತ್ತಕ್ಷರ ಕೈಕೊಡುತ್ತದೆ, ಆಗ ಒಂದೊಂದೇ ಪುಟ ತೆಗೆಯಿರಿ.

ಫೋನನ್ನು ಸ್ಟ್ಯಾಂಡಿಗೆ ಕಟ್ಟಿ, ಪುಟದ ಮೇಲೆ 4 ಮಿಲಿಮೀಟರ್ ದಪ್ಪದ ಗಾಜು ಇಟ್ಟು, ಎರಡು ಕಡೆಯಿಂದ 45 ಡಿಗ್ರಿ ಓರೆಯಲ್ಲಿ ಎರಡು ಟೇಬಲ್ ಲ್ಯಾಂಪ್ ಹಚ್ಚಬೇಕು. ಫ್ಲ್ಯಾಶ್ ಬೇಡ, ಗಾಜಿನಲ್ಲಿ ಬಿಳಿ ಕಲೆಯಾಗಿ ಕೂರುತ್ತದೆ. ತಲೆಯ ಮೇಲಿನ ಟ್ಯೂಬ್‌ಲೈಟ್ ಆರಿಸಿ. ಮೊಬೈಲಿನ ‘ಸ್ಕ್ಯಾನರ್’ ಆ್ಯಪ್‌ಗಳು ಅಂದವಾಗಿ ಕಾಣಲೆಂದು ಪುಟವನ್ನು ಅಪ್ಪಟ ಕಪ್ಪು–ಬಿಳುಪು ಮಾಡಿಬಿಡುತ್ತವೆ. ಇಂಗ್ಲಿಷಿಗೆ ಅದರಿಂದ ಹೆಚ್ಚು ನಷ್ಟವಿಲ್ಲ. ಕನ್ನಡದಲ್ಲಿ ಧ, ಭ, ಢಗಳ ಅಡಿಯ ಸೀಳು ಮತ್ತು ಠ, ಥಗಳ ಒಳಗಿನ ಚುಕ್ಕಿ ಮೊದಲು ಹೋಗುವುದು ಅಲ್ಲೇ. ಸಾಮಾನ್ಯ ಕ್ಯಾಮೆರಾದಲ್ಲೇ ಬಣ್ಣದಲ್ಲಿ ತೆಗೆದು ಆಮೇಲೆ ಬೂದು ಛಾಯೆಗೆ ತನ್ನಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯ ಹವೆ ಕಾಗದವನ್ನು ಅಲೆಅಲೆಯಾಗಿ ಮಾಡುತ್ತದೆ. ಗಾಜು ಇಟ್ಟರೂ ಸಾಲು ಬಾಗುತ್ತದೆ. ಪುಸ್ತಕವನ್ನು ಹಿಂದಿನ ರಾತ್ರಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿದ ಡಬ್ಬಿಯಲ್ಲಿ ಇಟ್ಟರೆ ಅರ್ಧ ಸಮಸ್ಯೆ ಇಳಿಯುತ್ತದೆ. ಇಸ್ತ್ರಿಪೆಟ್ಟಿಗೆ ತರುವ ಉತ್ಸಾಹಿಗಳು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಬೇಡ.

ಫೈಲಿನ ಹೆಸರು ನಾಲ್ಕು ಅಂಕಿಯಲ್ಲಿ ಇರಲಿ, 0001ರಿಂದ. ಬರೀ 1, 2 ಎಂದು ಕೊಟ್ಟರೆ ಎಷ್ಟೋ ಸಾಫ್ಟ್‌ವೇರ್ 1ರ ನಂತರ 10, 100 ಎಂದು ಜೋಡಿಸುತ್ತವೆ. ಕೊನೆಗೆ ಬಲಪುಟಗಳನ್ನು ಮಾತ್ರ ಸರಸರ ನೋಡಿಕೊಂಡು ಹೋಗಿ. ಬೆಸ ಸಂಖ್ಯೆ ಕ್ರಮವಾಗಿ ಬಂದರೆ ಪುಟ ತಪ್ಪಿಲ್ಲ. ಎರಡು ಹಾಳೆ ಅಂಟಿಕೊಂಡು ಮಗುಚಿದ್ದು ಗೊತ್ತಾಗುವುದು ಇಲ್ಲಿ. ಪುಸ್ತಕ ಗ್ರಂಥಾಲಯಕ್ಕೆ ಮರಳಿದ ಮೇಲೆ ಗೊತ್ತಾದರೆ ಮತ್ತೆ ಲೋಕಲ್ ಹತ್ತಬೇಕು.

ನಂತರ ಸ್ಕ್ಯಾನ್ ಟೇಲರ್. ಉಚಿತ ತಂತ್ರಾಂಶ. ಎರಡು ಪುಟ ಸೀಳುವುದು, ಓರೆ ನೇರ ಮಾಡುವುದು, ಪಠ್ಯದ ಚೌಕ ಗುರುತಿಸುವುದು, ಅಂಚು ಕೊಡುವುದು, ಹೊರತೆಗೆಯುವುದು. ಚೌಕ ಗುರುತಿಸುವ ಹಂತದಲ್ಲಿ ಮಾತ್ರ ಕಣ್ಣಿಟ್ಟು ಕೂರಿ: ಪುಟದ ಕಡೆಯ ಸಾಲಿನ ಕೆಳಗಿರುವ ಒತ್ತಕ್ಷರಗಳನ್ನು ಅದು ಕಸವೆಂದು ತಿಳಿದು ಕತ್ತರಿಸುವುದುಂಟು.

ಅಕ್ಷರ ಗುರುತಿಸುವ ಯಂತ್ರ ಎಲ್ಲಿ ಎಡವುತ್ತದೆ

ಓಸಿಆರ್‌ಗೆ, ಅಂದರೆ ಚಿತ್ರದಲ್ಲಿರುವ ಅಕ್ಷರವನ್ನು ಗುರುತಿಸಿ ಪಠ್ಯ ಮಾಡುವುದಕ್ಕೆ, ನಾವು ಎರಡು ದಾರಿ ಹಿಡಿಯುತ್ತೇವೆ. ಒಂದು ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶ, ಕನ್ನಡದ ‘ಬೆಸ್ಟ್’ ದತ್ತಾಂಶದೊಂದಿಗೆ. ಕಾದಂಬರಿಯ ಸರಳ ಪುಟಕ್ಕೆ ಪುಟವಿನ್ಯಾಸದ ಆಯ್ಕೆ 6 (ಇಡೀ ಪುಟ ಪಠ್ಯದ ಒಂದೇ ಚೌಕ). ಇನ್ನೊಂದು ಗೂಗಲ್ ಡ್ರೈವ್: ಚಿತ್ರವನ್ನೋ ಪಿಡಿಎಫ್ ಅನ್ನೋ ಏರಿಸಿ ಡಾಕ್ಸ್‌ನಲ್ಲಿ ತೆರೆಯುವುದು, ಹತ್ತು ಹತ್ತು ಪುಟದ ತುಂಡುಗಳಲ್ಲಿ. ನಮ್ಮ ಅನುಭವದಲ್ಲಿ ಡ್ರೈವ್ ಒತ್ತಕ್ಷರವನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಆಗಾಗ ಒಂದು ಸಾಲನ್ನೇ ನುಂಗಿ ಸದ್ದಿಲ್ಲದೆ ಕೂರುತ್ತದೆ. ಟೆಸರಾಕ್ಟ್ ಸಾಲು ಬಿಡುವುದು ಕಡಿಮೆ, ಅಕ್ಷರ ಕೆಡಿಸುವುದು ಹೆಚ್ಚು. ಎರಡರ ಫಲಿತಾಂಶವನ್ನೂ ವಿನ್‌ಮರ್ಜ್‌ನಂಥ ಹೋಲಿಕೆಯ ತಂತ್ರಾಂಶದಲ್ಲಿ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸವಿರುವ ಜಾಗಕ್ಕೆಲ್ಲ ಬಣ್ಣ ಬರುತ್ತದೆ. ಬಣ್ಣ ಬಂದಲ್ಲಿ ತಪ್ಪು ಖಂಡಿತ. ಬಣ್ಣ ಬಾರದ ಕಡೆ ಎರಡೂ ಸೇರಿ ತಪ್ಪಿರಬಹುದು, ಅದಕ್ಕೆ ಮುಂದಿನ ಹಂತ.

ಲೆಕ್ಕ ಒಂದು ಮನಸ್ಸಿನಲ್ಲಿರಲಿ. ಪುಟಕ್ಕೆ 1,500 ಅಕ್ಷರವೆಂದರೆ, 98 ಪ್ರತಿಶತ ಸರಿ ಎಂಬ ಫಲಿತಾಂಶದಲ್ಲೂ ಪುಟಕ್ಕೆ 30 ತಪ್ಪು. ಇನ್ನೂರು ಪುಟಕ್ಕೆ 6,000. ಸ್ಕ್ರೀನ್ ರೀಡರ್‌ನಲ್ಲಿ ಹೆಚ್ಚುಕಡಿಮೆ ಸಾಲಿಗೊಂದು ತಪ್ಪು ಕೇಳುತ್ತ ಕಾದಂಬರಿ ಓದುವುದು ಸಾಧ್ಯವಿಲ್ಲ.

ತಪ್ಪುಗಳು ಬೇಕಾಬಿಟ್ಟಿ ಬರುವುದಿಲ್ಲ, ಅವಕ್ಕೂ ಒಂದು ರೀತಿ ಇದೆ. ಠದ ಚುಕ್ಕಿ ಕಾಗದದ ಕಲೆಯಿಂದ ರಕ್ಕೆ ಬಂದು ಕೂತರೆ ‘ಮರದ ಕೆಳಗೆ’ ಹೋಗಿ ‘ಮಠದ ಕೆಳಗೆ’ ಆಗುತ್ತದೆ. ವು ಮತ್ತು ಮ ನೋಡಲು ಒಡಹುಟ್ಟು, ‘ನಾವು’ ‘ನಾಮ’ವಾಗುತ್ತದೆ. ದೀರ್ಘದ ಗುರುತು ಅಕ್ಷರದಿಂದ ಸ್ವಲ್ಪ ದೂರ ನಿಂತಿದ್ದರೆ ಬಿದ್ದೇ ಹೋಗುತ್ತದೆ: ಬೀಡಿ ಸೇದುವವನು ಬಿಡಿ ಸೇದುತ್ತಾನೆ. ಪ, ವ, ಷ, ಫ ಒಂದಕ್ಕೊಂದು ಬದಲಾಗುತ್ತವೆ. ಸಾಲುಗಳ ನಡುವೆ ಜಾಗ ಕಡಿಮೆ ಇರುವ ಹಳೆಯ ಅಚ್ಚಿನಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಅಕ್ಷರದ ತಲೆಗೆ ಅಂಟಿಕೊಂಡು, ಮೇಲೆ ‘ಹತ್ತು’ ‘ಹತು’ ಆಗುವುದರ ಜೊತೆಗೆ ಕೆಳಗೆ ಅರ್ಥವಿಲ್ಲದ ಇನ್ನೊಂದು ಹುಟ್ಟುತ್ತದೆ. ಕೆಟ್ಟದ್ದೆಂದರೆ ಮಠ, ನಾಮ, ಬಿಡಿ ಎಲ್ಲವೂ ಒಳ್ಳೆಯ ಕನ್ನಡವೇ. ಯಾವ ಪದಪರೀಕ್ಷಕವೂ ಇವನ್ನು ಹಿಡಿಯದು.

ಪದಪರೀಕ್ಷಕವನ್ನು ಹೇಗೂ ನೆಚ್ಚಿಕೊಳ್ಳುವಂತಿಲ್ಲ. ‘ಮನೆಯವರಿಗೆಲ್ಲರಿಗೂ’ ಎಂಬಂಥ ಪದಕ್ಕೂ ಕೆಂಪು ಗೆರೆ ಎಳೆಯುತ್ತ ಹೋದರೆ ಕಣ್ಣು ಕೆಂಪಿಗೆ ಒಗ್ಗಿಹೋಗುತ್ತದೆ. ಅದರ ಬದಲು ಪುಸ್ತಕದ ಎಲ್ಲ ಪದಗಳನ್ನೂ ಎಷ್ಟೆಷ್ಟು ಸಲ ಬಂದಿವೆ ಎಂಬ ಪಟ್ಟಿ ಮಾಡಿ, ಒಂದೇ ಸಲ ಬಂದವನ್ನು ನೋಡುತ್ತೇವೆ. ಜೊತೆಗೆ ಕನ್ನಡದಲ್ಲಿ ಬರಲಾರದ ಜೋಡಣೆಗಳನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್‌ನಿಂದ (ಪದದ ಬದಲು ಅಕ್ಷರಗಳ ಮಾದರಿ ಕೊಟ್ಟು ಹುಡುಕುವ ವಿಧಾನ) ಹುಡುಕುತ್ತೇವೆ: ಪದದ ನಡುವೆ ಅ, ಇ, ಎ ಮುಂತಾದ ಬಿಡಿ ಸ್ವರ, ಸೊನ್ನೆಯ ಮೇಲೆ ಕಾಗುಣಿತದ ಗುರುತು, ಒಂದರ ಹಿಂದೊಂದು ಎರಡು ಕಾಗುಣಿತ, ಅಕ್ಷರಗಳ ನಡುವೆ ಅಂಕಿ.

ಆ ಕೊನೆಯದು ಬಹಳ ಮುಖ್ಯ. ಕನ್ನಡ ಅಂಕಿಯ ಸೊನ್ನೆ ಮತ್ತು ಅನುಸ್ವಾರ ನೋಡಲು ಒಂದೇ. ಅಂಕಿಯ ಒಂಬತ್ತು ಮತ್ತು ಅರ್ಕಾವತ್ತು ಕೂಡ. ಓಸಿಆರ್ ಮಾತ್ರವಲ್ಲ, ಟೈಪ್ ಮಾಡುವವರೂ ‘ಬ೦ದ’, ‘ಕಮ೯’ ಎಂದು ಅಂಕಿಯನ್ನೇ ಒತ್ತಿರುತ್ತಾರೆ. ಕಣ್ಣಿಗೆ ಏನೂ ತೋರದು. ಯಂತ್ರ ಓದುವುದು ‘ಬ ಸೊನ್ನೆ ದ’, ‘ಕಮ ಒಂಬತ್ತು’ ಎಂದು. ಅಕ್ಷರದ ಬೆನ್ನಿಗೇ ಬಂದ ೦ಯನ್ನು ಅನುಸ್ವಾರಕ್ಕೆ ಬದಲಿಸುವುದು ಸುಲಭ. ೯ಕ್ಕೆ ಮಾತ್ರ ಜಾಗವೇ ಬದಲಾಗಬೇಕು, ರ್ ಹಿಂದಿನ ಅಕ್ಷರಕ್ಕೂ ಮುಂಚೆ ಬರಬೇಕು. ಇಸವಿಗಳನ್ನು ಮೊದಲು ಗುರುತು ಹಾಕಿ ಬದಿಗಿಡದಿದ್ದರೆ ೧೯೪೨ಕ್ಕೂ ಅದೇ ಗತಿ.

ಇನ್ನೊಂದು ಕಣ್ಣಿಗೆ ಕಾಣದ ತೊಡಕು. ‘ಕೋ’ ಎಂಬುದನ್ನು ಯೂನಿಕೋಡ್‌ನಲ್ಲಿ ಒಂದೇ ಗುರುತಿನಿಂದಲೂ ಬರೆಯಬಹುದು, ಬಿಡಿ ತುಂಡುಗಳಿಂದಲೂ ಕಟ್ಟಬಹುದು. ಓಸಿಆರ್ ಎರಡನ್ನೂ ಬೆರೆಸುತ್ತದೆ, ಹುಡುಕಿದಾಗ ಅರ್ಧ ಸಿಗುವುದಿಲ್ಲ. ಕೆಲಸ ಆರಂಭಿಸುವ ಮೊದಲೇ ಇಡೀ ಪಠ್ಯವನ್ನು ಎನ್‌ಎಫ್‌ಸಿ ಎಂಬ, ತುಂಡುಗಳನ್ನು ಒಂದೇ ಗುರುತಾಗಿ ಕೂಡಿಸುವ ರೂಪಕ್ಕೆ ತಂದುಬಿಡಿ.

‘ನಮ್ಮ ಹತ್ತಿರ ಸಾಫ್ಟ್ ಕಾಪಿ ಇದೆ’

ಪ್ರಕಾಶಕರು ಹೀಗೆಂದರೆ ಖುಷಿಪಡುವ ಮೊದಲು ಫಾಂಟಿನ ಹೆಸರು ಕೇಳಿ. 2000ರ ಆಚೀಚಿನ ಪೇಜ್‌ಮೇಕರ್ (ಪುಟ ಜೋಡಿಸುವ ಹಳೆಯ ತಂತ್ರಾಂಶ) ಫೈಲ್ ಆಗಿದ್ದರೆ ಒಳಗಿರುವುದು ಕನ್ನಡವಲ್ಲ. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳ ಚಿತ್ರ ಕೂರಿಸಿದಂಥವು. ಸ್ಕ್ರೀನ್ ರೀಡರ್‌ಗೆ ಕೊಟ್ಟರೆ ‘ಕನ್ನಡ’ ಎಂಬ ಪದವನ್ನು ಅದು ‘ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್’ ಎಂದು ಶುರುಮಾಡುತ್ತದೆ.

ಇದನ್ನು ಯೂನಿಕೋಡ್‌ಗೆ ತರುವ ಪರಿವರ್ತಕಗಳಿವೆ, ಆದರೆ ಫಾಂಟ್ ತಿಳಿದಿರಬೇಕು. ನುಡಿ 01 ಇ ಮತ್ತು ‘ಬರಹ’ದ ಬಿಆರ್‌ಎಚ್ ಕನ್ನಡ ಫಾಂಟಿನ ಸಂಕೇತ ಬಹುಪಾಲು ಒಂದೇ. ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿಯದು ಪೂರಾ ಬೇರೆ. ನುಡಿಯ ಪರಿವರ್ತಕಕ್ಕೆ ಅದನ್ನು ಹಾಕಿದರೆ ಬರುವುದು ಗೊಜ್ಜು. ನುಡಿಯ ಒಳಗೂ ಬಲೆಗಳಿವೆ. ಅಲ್ಲಿ ಮ ಎಂಬುದು ವ ಮತ್ತು ಕೊಂಬು ಸೇರಿ ಆಗುತ್ತದೆ, ಹಾಗಾಗಿ ‘ವು’ಗೆ ಬೇರೆಯೇ ಕೊಂಬು. ಯ ಶುರುವಾಗುವುದು ಅನುಸ್ವಾರದ ಸಂಕೇತದಿಂದಲೇ. ಉದ್ದದ ಜೋಡಣೆಗಳನ್ನು ಮೊದಲು, ಚಿಕ್ಕವನ್ನು ಆಮೇಲೆ ಬದಲಿಸಬೇಕು. ಕ್ರಮ ತಪ್ಪಿದರೆ ಯ ಇದ್ದಲ್ಲೆಲ್ಲ ಸೊನ್ನೆ ಉದುರುತ್ತದೆ. ಅಚ್ಚಿನಲ್ಲಿ ಸಾಲು ಹೊಂದಿಸಲು ಟೈಪ್ ಮಾಡಿದವರು ನಡುವೆ ಒಂದು ಸ್ಪೇಸ್ ಹಾಕಿದ್ದರೂ ಅದೇ ಆಗುತ್ತದೆ.

ಅರ್ಕಾವತ್ತು ಇಲ್ಲೂ ತಂಟೆಕೋರ. ನುಡಿಯಲ್ಲಿ ಅದನ್ನು ಅಕ್ಷರ, ಒತ್ತು ಎಲ್ಲ ಆದ ಮೇಲೆ ಒತ್ತುತ್ತಾರೆ. ಪರಿವರ್ತಕ ಅದನ್ನು ಇಡೀ ಗುಂಪಿನ ಮುಂದಕ್ಕೆ ಸರಿಸಬೇಕು. ಒಂದೇ ಅಕ್ಷರ ಹಿಂದಕ್ಕೆ ಹೋಗಿ ನಿಂತರೆ ‘ಸಾಮರ್ಥ್ಯ’ ‘ಸಾಮಥ್ರ್ಯ’ ಆಗುತ್ತದೆ. ಅಂತರಜಾಲದ ಕನ್ನಡ ಸುದ್ದಿಗಳಲ್ಲಿ ಈ ರೂಪ ಎಷ್ಟು ಓಡಾಡುತ್ತದೆಯೆಂದರೆ ತಪ್ಪೆಂದೇ ಅನ್ನಿಸುವುದಿಲ್ಲ. ದನಿಯಲ್ಲಿ ಕೇಳಿದರೆ ಮಾತ್ರ ತಟ್ಟನೆ ಎಡವಿದಂತಾಗುತ್ತದೆ. ಪುಸ್ತಕದಲ್ಲಿ ಇಂಗ್ಲಿಷ್ ಪದಗಳಿದ್ದರೆ ಅವನ್ನು ಫಾಂಟ್ ಹಿಡಿದು ಮೊದಲೇ ಬೇರ್ಪಡಿಸಿ, ಇಲ್ಲವಾದರೆ ಅವೂ ವಿಚಿತ್ರ ಕನ್ನಡವಾಗಿ ಹೊರಬರುತ್ತವೆ. ಇನ್ನು, ಮುದ್ರಣಕ್ಕೆ ಹೋಗುವ ಮುಂಚಿನ ಕಡೆಯ ತಿದ್ದುಪಡಿಗಳು ಅಚ್ಚಿನ ಫಿಲ್ಮಿನಲ್ಲಿ ಆಗಿ ಫೈಲಿನಲ್ಲಿ ಆಗದೇ ಉಳಿದಿರುವುದೂ ಉಂಟು. ಅಂತೂ ಸಾಫ್ಟ್ ಕಾಪಿ ಇದ್ದರೂ ಪುಸ್ತಕ ಪಕ್ಕದಲ್ಲಿರಲೇಬೇಕು.

ಕಣ್ಣಿನ ಕರಡು, ಕಿವಿಯ ಕರಡು

ಕರಡನ್ನು ಎರಡು ಸಲ ತಿದ್ದುತ್ತೇವೆ, ಎರಡು ಬೇರೆ ಇಂದ್ರಿಯಗಳಿಂದ. ಮೊದಲು ಕಣ್ಣಿನಿಂದ, ಪುಟದ ಚಿತ್ರವನ್ನು ಪಕ್ಕದಲ್ಲಿಟ್ಟು. ಆಮೇಲೆ ಸ್ಕ್ರೀನ್ ರೀಡರ್ ಬಳಸುವ ಒಬ್ಬ ಅಂಧ ಓದುಗರು ಪೂರ್ತಿ ಕೇಳುತ್ತಾರೆ. ರೂಢಿಯುಳ್ಳ ಕಣ್ಣು ಪದದ ಆಕಾರ ನೋಡಿ ಮುಂದೆ ಹೋಗುತ್ತದೆ. ‘ಅವರಿಗೆ’ ‘ಅವರಿಗ’ ಆಗಿದ್ದರೆ ತಾನೇ ಸರಿಮಾಡಿಕೊಂಡು ಓದುತ್ತದೆ. ಕಿವಿಗೆ ಆ ಔದಾರ್ಯ ಇಲ್ಲ. ‘ನಾಮ ಹೊರಟೆವು’ ಎಂದು ಕೇಳಿದ ಕೂಡಲೇ ನಿಲ್ಲಿಸುತ್ತದೆ. ಆದರೆ ದನ–ಧನ, ಬಾರ–ಭಾರ, ಶ–ಷ ಇವು ಯಂತ್ರದ ದನಿಯಲ್ಲಿ ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತವೆ, ಅವು ಕಣ್ಣಿನ ಪಾಲು. ಒಂದನ್ನು ಬಿಟ್ಟು ಇನ್ನೊಂದನ್ನು ಮಾಡಿದರೆ ಅರ್ಧ ತಪ್ಪು ಉಳಿಯುತ್ತದೆ.

ಕೇಳಿ ತಿದ್ದಲು ಈಸ್ಪೀಕ್ ಎಂಬ ಯಂತ್ರದ ದನಿಯೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಒರಟು, ಮೊದಲ ಸಲ ಕೇಳಿದವರು ಮುಖ ಕಿವುಚುತ್ತಾರೆ, ಆದರೆ ಬರೆದದ್ದನ್ನು ಬರೆದಂತೆ ಉಚ್ಚರಿಸುತ್ತದೆ, ವೇಗ ಏರಿಸಿದರೂ ಅಕ್ಷರ ನುಂಗುವುದಿಲ್ಲ. ಎಡ್ಜ್ ಬ್ರೌಸರಿನ ಕನ್ನಡ ದನಿಗಳಾದ ಸಪ್ನಾ, ಗಗನ್ ಕಿವಿಗೆ ಇಂಪು, ಕತೆ ಕೇಳಲು ಅವೇ ಸೊಗಸು. ಇಂಪಾದ ದನಿಯ ಹಿಂದೆ ಸಣ್ಣ ತಪ್ಪು ಅಡಗಿಕೊಳ್ಳುತ್ತದೆ ಎಂಬುದೊಂದೇ ತಕರಾರು.

ಮುಂಬಯಿಯಲ್ಲಿ ಕೆಲಸ ಹಂಚುವುದಕ್ಕೆ ಒಂದು ಸಹಜ ದಾರಿ ತಾನಾಗಿ ಸಿಗುತ್ತದೆ. ಕನ್ನಡ ಓದಲು ಬಾರದ ಇಲ್ಲಿನ ಹುಡುಗ ಹುಡುಗಿಯರು ಫೋಟೊ, ಸ್ಕ್ಯಾನ್ ಟೇಲರ್, ಓಸಿಆರ್, ಇಪಬ್ (ಇ-ಪುಸ್ತಕದ ಫೈಲ್) ಎಲ್ಲ ಮಾಡುತ್ತಾರೆ. ಅವುಗಳಿಗೆ ಲಿಪಿ ಬೇಕಿಲ್ಲ. ಹಿರಿಯರು ಕರಡು ತಿದ್ದುತ್ತಾರೆ. ಹಿರಿಯರಿಗೆ ಕಂಪ್ಯೂಟರಿನ ಮುಂದೆ ಕೂರುವುದು ಕಷ್ಟವಾದರೆ ಎರಡು ಪಟ್ಟು ಸಾಲಿನಂತರದಲ್ಲಿ ಪ್ರಿಂಟ್ ತೆಗೆದು ಕೆಂಪು ಪೆನ್ನು ಕೊಡಿ. ಪುಟಕ್ಕೆ ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ಒಬ್ಬರಿಗೆ ಒಂದು ಸಲಕ್ಕೆ ಇಪ್ಪತ್ತು ಪುಟಕ್ಕಿಂತ ಹೆಚ್ಚು ಕೊಟ್ಟರೆ ಅದು ಮರಳಿ ಬರುವುದು ದೀಪಾವಳಿ ಕಳೆದ ಮೇಲೆ.

ಹಿರಿಯರ ಕೈಯಲ್ಲಿ ಒಂದು ಅಪಾಯವೂ ಇದೆ: ಅವರು ಲೇಖಕರನ್ನೂ ತಿದ್ದುತ್ತಾರೆ. ಧಾರವಾಡದ ಪಾತ್ರ ‘ಬ್ಯಾಡ’ ಎಂದರೆ ‘ಬೇಡ’ ಮಾಡುತ್ತಾರೆ, ಚಾಳಿನ ಖೋಲಿಯನ್ನು ಕೋಣೆ ಮಾಡುತ್ತಾರೆ. ಅಚ್ಚಿನಲ್ಲಿ ಇದ್ದದ್ದು ಇದ್ದ ಹಾಗೆಯೇ. ಮೂಲದಲ್ಲೇ ಮುದ್ರಣದೋಷ ಇದ್ದರೆ ಅದನ್ನು ಬೇರೆ ಹಾಳೆಯಲ್ಲಿ ಪುಟ, ಸಾಲು ಬರೆದು ಗುರುತು ಮಾಡಿ, ಒಬ್ಬರೇ ತೀರ್ಮಾನಿಸಲಿ.

ರೂಪ ಕೊಡುವುದು

ತಿದ್ದಿದ ಪಠ್ಯವನ್ನು ವರ್ಡ್‌ನಲ್ಲಿ ಜೋಡಿಸುವಾಗ ಅಧ್ಯಾಯದ ಹೆಸರನ್ನು ದಪ್ಪ ಅಕ್ಷರ ಮಾಡಿದರೆ ಸಾಲದು, ‘ಹೆಡಿಂಗ್ 1’ ಸ್ಟೈಲ್ ಹಾಕಬೇಕು. ಸ್ಕ್ರೀನ್ ರೀಡರ್ ಬಳಸುವವರು ಎಚ್ ಕೀಲಿ ಒತ್ತಿ ಅಧ್ಯಾಯದಿಂದ ಅಧ್ಯಾಯಕ್ಕೆ ಹಾರುವುದು ಆ ಸ್ಟೈಲಿನ ಬಲದಿಂದ. ಪುಟದ ತಲೆಯಲ್ಲಿ ಪ್ರತಿಸಲ ಬರುವ ಪುಸ್ತಕದ ಹೆಸರನ್ನು ತೆಗೆದುಹಾಕಿ. ಪುಟಸಂಖ್ಯೆಯನ್ನು ತೆಗೆಯಬೇಡಿ, ಅದಕ್ಕೆಂದೇ ಇರುವ ಡೈಸಿ (ಅಂಧರಿಗೆ ಎಟುಕುವ ಪುಸ್ತಕಗಳ ಮಾನದಂಡ) ಸ್ಟೈಲ್ ಕೊಡಿ. ಎಂಎ ಓದುವ ವಿದ್ಯಾರ್ಥಿ, ತರಗತಿಯಲ್ಲಿ ಮೇಷ್ಟರು ‘ಪುಟ 84’ ಎಂದಾಗ ಅಲ್ಲಿಗೆ ಹೋಗಬೇಕಲ್ಲ. ಸಾಲಿನ ಕೊನೆಯಲ್ಲಿ ಮುರಿದ ಪದಗಳನ್ನು ಕೂಡಿಸಿ. ಹಳೆಯ ಅಚ್ಚಿನಲ್ಲಿ ಅಡ್ಡಗೆರೆಯಿಲ್ಲದೆಯೂ ಮುರಿಯುತ್ತಿದ್ದರು, ಆದ್ದರಿಂದ ಗೆರೆ ಹುಡುಕಿ ಬದಲಿಸಿದರೆ ಎಲ್ಲವೂ ಸಿಗುವುದಿಲ್ಲ.

ಭಾಷೆಯ ಗುರುತು ಕನ್ನಡವೆಂದು ಇರಲೇಬೇಕು. ಅದು ಇಂಗ್ಲಿಷ್ ಎಂದು ಉಳಿದರೆ ಸ್ಕ್ರೀನ್ ರೀಡರ್ ಇಂಗ್ಲಿಷ್ ದನಿಯನ್ನೇ ಹಿಡಿದು, ಕನ್ನಡದ ಸಾಲುಗಳ ಮೇಲೆ ಮೌನವಾಗಿ ದಾಟಿಹೋಗಬಹುದು. ‘ಫೈಲ್ ಕೆಟ್ಟಿದೆ’ ಎಂದು ಬರುವ ದೂರುಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ವರ್ಡ್‌ನಿಂದ ಇಪಬ್‌ಗೆ ಡೈಸಿ ಕನ್ಸಾರ್ಷಿಯಂನ ಉಚಿತ ‘ವರ್ಡ್‌ಟುಇಪಬ್’ ಸಾಕು, ಪರೀಕ್ಷೆಗೆ ಅವರದೇ ‘ಏಸ್’. ಕಂಪ್ಯೂಟರಿನಲ್ಲಿ ಓದಲು ಥೋರಿಯಂ ರೀಡರ್. ಫೋನ್ ಮುಟ್ಟದ ಹಿರಿಯರಿಗೆ ಎಂಪಿ3: ಅಧ್ಯಾಯಕ್ಕೊಂದು ಫೈಲ್, ಮೊನೊ, 64 ಕೆಬಿಪಿಎಸ್, ಗಂಟೆಗೆ ಸುಮಾರು 29 ಎಂಬಿ. ಪೆನ್‌ಡ್ರೈವ್ ಚುಚ್ಚುವ ಸಣ್ಣ ಸ್ಪೀಕರಿನಲ್ಲಿ ನಡೆಯುತ್ತದೆ, ಆದರೆ ಪುಟಕ್ಕೆ ಹಾರುವ ಅನುಕೂಲ ಅದರಲ್ಲಿಲ್ಲ.

ಕಣ್ಣು ಸ್ವಲ್ಪ ಕಾಣುವವರಿಗೆ ದೊಡ್ಡಕ್ಷರ. ಇಂಗ್ಲಿಷಿನಲ್ಲಿ 18 ಪಾಯಿಂಟ್ ಸಾಕೆನ್ನುತ್ತಾರೆ. ಕನ್ನಡದಲ್ಲಿ ಒತ್ತಕ್ಷರ ಮುಖ್ಯ ಅಕ್ಷರಕ್ಕಿಂತ ಬಹಳ ಚಿಕ್ಕದು, ಅದು ಕಾಣಬೇಕಾದರೆ 22 ಆದರೂ ಬೇಕು. ನೋಟೊ ಸಾನ್ಸ್‌ನಂಥ ಸಮದಪ್ಪದ ಫಾಂಟ್, ಒಂದೂವರೆ ಸಾಲಿನಂತರ, ಬಲ ಅಂಚು ಸಮ ಮಾಡದೆ ಬಿಡುವುದು. ಇನ್ನೂರು ಪುಟದ ಪುಸ್ತಕ ಎರಡು ಮೂರು ಸಂಪುಟವಾಗುತ್ತದೆ, ಒಂದೇ ಹೊತ್ತಗೆ ಮಾಡಿದರೆ ಮಡಿಲಲ್ಲಿ ನಿಲ್ಲದು.

ಮರಾಠಿ ಬೆರಳಿಗೆ ಕನ್ನಡ

ಬ್ರೈಲ್‌ನಲ್ಲಿ ಮುಂಬಯಿಯ ಕನ್ನಡಿಗರಿಗೆ ಒಂದು ಲಾಭ ಇದೆ, ಹೆಚ್ಚಿನವರಿಗೆ ಗೊತ್ತಿಲ್ಲ. 1951ರಲ್ಲಿ ಒಪ್ಪಿದ ಭಾರತಿ ಬ್ರೈಲ್‌ನಲ್ಲಿ ಭಾರತದ ಭಾಷೆಗಳಿಗೆ ಬಹುಮಟ್ಟಿಗೆ ಒಂದೇ ಉಚ್ಚಾರಕ್ಕೆ ಒಂದೇ ಚುಕ್ಕಿ ಜೋಡಣೆ. ಬ್ರೈಲ್‌ನ ಒಂದು ಅಕ್ಷರಕ್ಕೆ ಆರು ಚುಕ್ಕಿಯ ಜಾಗ, ಅವಕ್ಕೆ 1ರಿಂದ 6ರವರೆಗೆ ಸಂಖ್ಯೆ. ಕ ಎಂದರೆ 1 ಮತ್ತು 3ನೇ ಚುಕ್ಕಿ, ಮರಾಠಿಯಲ್ಲಾದರೂ ಕನ್ನಡದಲ್ಲಾದರೂ. ಳ ಎರಡರಲ್ಲೂ 4, 5, 6. ದಾದರಿನ ಶಾಲೆಯಲ್ಲಿ ಮರಾಠಿ ಬ್ರೈಲ್ ಕಲಿತ ಕನ್ನಡದ ಹುಡುಗಿ ಕನ್ನಡದ ಬ್ರೈಲ್ ಪುಟವನ್ನು ಬೆರಳಿಟ್ಟು ಓದಬಲ್ಲಳು. ಅದೇ ಮನೆಯ, ಕಣ್ಣಿರುವ ಅಣ್ಣನಿಗೆ ಕನ್ನಡ ಅಕ್ಷರವೇ ಗೊತ್ತಿಲ್ಲ. ಅವಳಿಗೆ ಹೊಸದಾಗಿ ಹೇಳಿಕೊಡಬೇಕಾದದ್ದು ಮರಾಠಿಯಲ್ಲಿಲ್ಲದ ಹ್ರಸ್ವಗಳು: ಎ ಎಂದರೆ 2, 6, ಒ ಎಂದರೆ 1, 3, 4, 6. ದೀರ್ಘ ಏ (1, 5), ಓ (1, 3, 5) ಅವಳಿಗೆ ಆಗಲೇ ಗೊತ್ತು.

ಒತ್ತಕ್ಷರವೆಂಬ ಗೋಜು ಬ್ರೈಲ್‌ನಲ್ಲಿ ಇಲ್ಲ. 4ನೇ ಚುಕ್ಕಿಯನ್ನು ಮುಂದೆ ಇಟ್ಟು ಎರಡು ವ್ಯಂಜನ ಸಾಲಾಗಿ ಬರುತ್ತವೆ. ‘ಅಕ್ಕ’ ಎಂದರೆ ಅ, 4ನೇ ಚುಕ್ಕಿ, ಕ, ಕ. ಪಠ್ಯವನ್ನು ಬ್ರೈಲ್ ಮಾಡುವ ಲಿಬ್‌ಲೂಯಿ ತಂತ್ರಾಂಶದಲ್ಲಿ ಕನ್ನಡದ ಕೋಷ್ಟಕವಿದೆ, ಎನ್‌ವಿಡಿಎ ಬ್ರೈಲ್ ಡಿಸ್‌ಪ್ಲೇಗೆ (ಚುಕ್ಕಿಗಳು ಎದ್ದು ಇಳಿಯುವ ಸಾಧನ) ಕಳುಹಿಸುವುದೂ ಅದರಿಂದಲೇ. ಹಿಂದೆ ಉಳಿದುಹೋದ ೦, ೯ ಇಲ್ಲಿ ಮತ್ತೆ ಕಾಡುತ್ತವೆ: ಪದದ ನಡುವೆ 3, 4, 5, 6ರ ಅಂಕಿಗುರುತು ಎದ್ದು ಬೆರಳು ಗಕ್ಕನೆ ನಿಲ್ಲುತ್ತದೆ. ಕಾಗದದ ಮೇಲೆ ಉಬ್ಬಿಸುವ ಮೊದಲು ಹತ್ತು ಪುಟವನ್ನಾದರೂ ಬ್ರೈಲ್ ಡಿಸ್‌ಪ್ಲೇಯಲ್ಲಿ ಓದಿಸಿ ನೋಡಿ. ಬ್ರೈಲ್ ಕಾಗದ ದಪ್ಪ, ದುಬಾರಿ, ಉಬ್ಬಿಸಿದ ಮೇಲೆ ಅಳಿಸಲಾಗದು.

ತಲುಪಿಸುವುದು

ಸುಗಮ್ಯ ಪುಸ್ತಕಾಲಯಕ್ಕೆ ಸೇರಿಸಬೇಕಾದರೆ ಡೈಸಿ ಫೋರಂ ಆಫ್ ಇಂಡಿಯಾದ ಸದಸ್ಯ ಸಂಸ್ಥೆಯ ಮೂಲಕ ಹೋಗಬೇಕು. ನೇರವಾಗಿ ಕೊಡುವಾಗ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡನ್ನೋ ಅಂಗವೈಕಲ್ಯ ಪ್ರಮಾಣಪತ್ರವನ್ನೋ ನೋಡಿ, ಯಾರಿಗೆ ಕೊಟ್ಟೆವೆಂದು ದಾಖಲೆ ಇಡುತ್ತೇವೆ. ಕಣ್ಣು ಕಾಣದವರಿಗಷ್ಟೇ ಅಲ್ಲ; ಕೈ ನಡುಗಿ ಪುಸ್ತಕ ಹಿಡಿಯಲಾಗದವರಿಗೂ, ಡಿಸ್‌ಲೆಕ್ಸಿಯಾ ಇರುವವರಿಗೂ ಇದು ಸಲ್ಲುತ್ತದೆ. ವಾಟ್ಸ್ಆ್ಯಪ್ ಗುಂಪಿಗೆ ಮಾತ್ರ ಹಾಕಬೇಡಿ. ಒಂದು ಸಂಜೆಯೊಳಗೆ ಅದು ಕಾನೂನು ಹೇಳುವ ಎಲ್ಲೆ ದಾಟಿರುತ್ತದೆ, ಮುಂದಿನ ಸಲ ಪ್ರಕಾಶಕರು ಫೋನ್ ಎತ್ತುವುದಿಲ್ಲ.

ಫೈಲಿನ ಮೊದಲ ಪುಟದಲ್ಲಿ ಯಾವ ಮುದ್ರಣದ ಯಾವ ವರ್ಷದ ಪ್ರತಿಯಿಂದ ಮಾಡಿದ್ದು, ಬಿಟ್ಟ ಚಿತ್ರಗಳೆಷ್ಟು, ಆವೃತ್ತಿ ಸಂಖ್ಯೆ ಏನು ಎಂದು ಬರೆದಿರುತ್ತೇವೆ. ಓದುಗರಿಂದ ತಪ್ಪುಗಳು ಬರುತ್ತಲೇ ಇರುತ್ತವೆ, ಬರಲಿ. ತಿದ್ದುವುದು ಯಾವಾಗಲೂ ಮೂಲದ ವರ್ಡ್ ಫೈಲಿನಲ್ಲಿ. ಅಲ್ಲಿ ತಿದ್ದಿ, ಆವೃತ್ತಿ ಸಂಖ್ಯೆ ಏರಿಸಿ, ಇಪಬ್, ಬ್ರೈಲ್, ಎಂಪಿ3 ಮೂರನ್ನೂ ಮತ್ತೆ ತೆಗೆಯಬೇಕು. ಅವಸರಕ್ಕೆ ಇಪಬ್‌ನಲ್ಲೇ ತಿದ್ದಿಬಿಟ್ಟರೆ ಬ್ರೈಲ್ ಓದುವವರ ‘ಮಠ’ ಮರವಾಗುವುದಿಲ್ಲ.